ಬಸುರಿದ್ದಾಗ ಥೈರಾಯ್ಡ್ ಹೆಚ್ಚಾದರೆ



"ನನಗ ಥೈರಾಯ್ಡ್ ಐತ್ರಿ" ಎಂಬ ಮಾತು ನಮ್ಮ ಜಯಸಿಂಗಪುರದಲ್ಲಿ ನೀವು ಕೇಳಿರುತ್ತೀರಿ. ಆದರೆ ಯಾವ ಥೈರಾಯ್ಡ್? ಹೆಚ್ಚೋ, ಕಡಿಮೆಯೋ? ಬಸುರಿ ಹೆಣ್ಣುಮಗಳಿಗೆ ಇದು ಗೊತ್ತಿರಲೇಬೇಕು.

ಥೈರಾಯ್ಡ್ ಎಂದರೇನು?

ಥೈರಾಯ್ಡ್ ರೋಗದ ಹೆಸರಲ್ಲ. ಅದು ಎಲ್ಲರ ಕೊರಳಲ್ಲಿ ಇರುವ ಒಂದು ಗ್ರಂಥಿ. ಪಾತರಗಿತ್ತಿಯ ಆಕಾರದಲ್ಲಿ ಇರುತ್ತದೆ. ಅದರಿಂದ ಬರುವ ರಸ ರಕ್ತಕ್ಕೆ ಸೇರುತ್ತದೆ. ಈ ರಸ ಒಲೆಯ ಉರಿ ಇದ್ದಂತೆ. ಉರಿ ಕಡಿಮೆಯಾದರೆ ಮೈ ಜಡವಾಗುತ್ತದೆ. ಹೆಚ್ಚಾದರೆ ಮೈ ಸೊರಗುತ್ತದೆ.

ಎರಡಕ್ಕೂ ಗುಳಿಗೆ ಬೇರೆ ಬೇರೆ. ಕಡಿಮೆ ಇದ್ದವರಿಗೆ ಆ ರಸವನ್ನೇ ಗುಳಿಗೆಯಾಗಿ ಕೊಡುತ್ತಾರೆ. ಹೆಚ್ಚು ಇದ್ದವರು ಅದನ್ನು ನುಂಗಿದರೆ ಉರಿಯುವ ಒಲೆಗೆ ಮತ್ತೆ ಕಟ್ಟಿಗೆ ಇಟ್ಟಂತೆ. ಆದ್ದರಿಂದ ನೆಗೆಣ್ಣಿಯ ಗುಳಿಗೆ ನಿಮಗೆ ಬೇಡ.

ಹೆಚ್ಚಾದರೆ ಗುರುತು ಏನು?

ಎದೆ ಡವಡವ ಹೊಡೆಯುತ್ತದೆ. ಕೈ ನಡುಗುತ್ತವೆ. ಬಹಳ ಬೆವರು ಬರುತ್ತದೆ. ಉಂಡರೂ ತೂಕ ಇಳಿಯುತ್ತದೆ. ಕೆಲವರಿಗೆ ಕೊರಳು ಉಬ್ಬುತ್ತದೆ, ಕಣ್ಣು ಮುಂದೆ ಬಂದಂತೆ ಕಾಣುತ್ತವೆ.

"ಬಸುರಿಗೆ ಇದೆಲ್ಲಾ ಇರೂದನ" ಎಂದು ಮನೆಯ ಹಿರಿಯರು ಹೇಳಬಹುದು. ಸುಸ್ತು, ಸೆಕೆ ಇರುವುದು ನಿಜ. ಆದರೆ ತಿಂಗಳು ಏರಿದರೂ ತೂಕ ಏರದಿದ್ದರೆ ರಕ್ತ ಪರೀಕ್ಷೆ ಮಾಡಿಸಿ.

ಮೊದಲ ತಿಂಗಳುಗಳಲ್ಲಿ ಬಹಳ ವಾಂತಿ ಆಗುವ ಕೆಲವರಿಗೆ ಈ ರಸ ತಾನಾಗಿ ಏರಿ, ತಾನಾಗಿ ಇಳಿಯುತ್ತದೆ. ನಿಮ್ಮದು ಯಾವ ಬಗೆ ಎಂದು ಡಾಕ್ಟರೇ ಹೇಳಬೇಕು.

ರಿಪೋರ್ಟ್ ಓದುವಾಗ ಎಚ್ಚರ

ರಿಪೋರ್ಟಿನಲ್ಲಿ ಟಿ.ಎಸ್.ಎಚ್. ಎಂದು ಇರುತ್ತದೆ. ಇದು ಮಿದುಳಿನ ಕೆಳಗಿನ ಗ್ರಂಥಿ ಥೈರಾಯ್ಡಿಗೆ ಕಳಿಸುವ ಅಪ್ಪಣೆ. ರಸ ಹೆಚ್ಚಾದರೆ ಅಪ್ಪಣೆ ಕಡಿಮೆಯಾಗುತ್ತದೆ. ಹಾಗಾಗಿ ಟಿ.ಎಸ್.ಎಚ್. ಕಡಿಮೆ ಬಂದರೆ "ಥೈರಾಯ್ಡ್ ಕಡಿಮೆ" ಎಂದು ತಿಳಿಯಬೇಡಿ. ಬಸುರಿನ ಮೊದಲ ತಿಂಗಳುಗಳಲ್ಲಿ ಅದು ತುಸು ಇಳಿಯುವುದೂ ಉಂಟು. ಡಾಕ್ಟರಿಗೆ ತೋರಿಸಿ.

ಗುಳಿಗೆ ಬಿಡಬೇಕೇ?

"ಕೂಸಿಗೆ ತ್ರಾಸ ಆದೀತು" ಎಂದು ಹೆದರಿ ಕೆಲವರು ಗುಳಿಗೆ ಬಿಡುತ್ತಾರೆ. ರೋಗಕ್ಕೆ ಔಷಧ ಇಲ್ಲದಿದ್ದರೆ ಬಸುರು ಇಳಿಯಬಹುದು. ದಿನ ತುಂಬುವ ಮೊದಲೇ ಹೆರಿಗೆ ಆಗಬಹುದು. ಕೂಸಿನ ತೂಕ ಕಡಿಮೆ ಆಗಬಹುದು. ತಾಯಿಗೆ ರಕ್ತದೊತ್ತಡ ಏರಬಹುದು, ಹೃದಯ ಸೋಲಬಹುದು.

ಹಾಗೆಂದು ಹಳೆಯ ಗುಳಿಗೆಯನ್ನೇ ಕೇಳದೆ ನುಂಗುತ್ತ ಇರಬಾರದು. ಕಾರ್ಬಿಮಜೋಲ್ ಎಂಬ ಗುಳಿಗೆಯಿಂದ ಮೊದಲ ತಿಂಗಳುಗಳಲ್ಲಿ ಕೂಸಿನ ಅಂಗಕ್ಕೆ ಊನ ಆಗುವ ಅಪಾಯ ಇದೆ. ಆಗ ಡಾಕ್ಟರು ಹೆಚ್ಚಾಗಿ ಪಿ.ಟಿ.ಯು. ಎಂಬ ಗುಳಿಗೆ ಕೊಡುತ್ತಾರೆ. ಮುಂದೆ ಮತ್ತೆ ಬದಲಿಸಬಹುದು, ಕಡಿಮೆ ಮಾಡಬಹುದು.

ಆದ್ದರಿಂದ ಮುಟ್ಟು ನಿಂತಿತೆಂದು ಅನಿಸಿದ ಕೂಡಲೇ, ಗುಳಿಗೆಯ ಹಾಳೆ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋಗಿ. ಬಿಡುವುದಿದ್ದರೂ, ಬದಲಿಸುವುದಿದ್ದರೂ ಅವರೇ ಹೇಳಲಿ.

ಇದನ್ನು ಮರೆಯಬೇಡಿ

1. ಡಾಕ್ಟರು ಹೇಳಿದ ದಿನ ರಕ್ತ ಪರೀಕ್ಷೆ ಮಾಡಿಸಿ. ಹೆಚ್ಚಾಗಿ 4 ವಾರಕ್ಕೊಮ್ಮೆ ಇರುತ್ತದೆ.
2. ಗುಳಿಗೆ ನುಂಗುವಾಗ ಜ್ವರದ ಜೊತೆ ಗಂಟಲು ನೋವು ಬಂದರೆ, ಕಣ್ಣು ಹಳದಿಯಾದರೆ, ಮುಂದಿನ ಗುಳಿಗೆ ನುಂಗಬೇಡಿ. ಅದೇ ದಿನ ದವಾಖಾನೆಗೆ ಹೋಗಿ.
3. ಹೆರಿಗೆಯ ನಂತರ ರೋಗ ಮತ್ತೆ ಏರಬಹುದು. ಬಾಣಂತಿ, ಕೂಸು ಇಬ್ಬರನ್ನೂ ತೋರಿಸಿ. ಡಾಕ್ಟರು ಹೇಳಿದಷ್ಟೇ ಗುಳಿಗೆ ನುಂಗಿದರೆ ಎದೆಹಾಲು ಕುಡಿಸಬಹುದು.

ಎಲ್ಲಿಗೆ ಹೋಗಬೇಕು?

ಮೊದಲು ಆಶಾ ತಾಯಿಗೆ ತಿಳಿಸಿ. ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನ 2016ರಲ್ಲಿ ಶುರುವಾಯಿತು. ಇದರಲ್ಲಿ 4ನೇ ತಿಂಗಳಿನಿಂದ ಬಸುರಿಯರಿಗೆ ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ದವಾಖಾನೆಯಲ್ಲಿ ಪುಕ್ಕಟೆ ತಪಾಸಣೆ ಇದೆ. ಆದರೆ ಥೈರಾಯ್ಡ್ ಹೆಚ್ಚಿದ್ದವರು 9ನೇ ತಾರೀಖಿಗೆ ಕಾಯಬಾರದು. ನಮ್ಮಲ್ಲಿಂದ ರೈಲಿನಲ್ಲಿ ಒಂದು ಕಡೆ ಮಿರಜ, ಇನ್ನೊಂದು ಕಡೆ ಕೊಲ್ಲಾಪುರ. ಮಿರಜದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ದವಾಖಾನೆ, ಕೊಲ್ಲಾಪುರದಲ್ಲಿ ಸಿ.ಪಿ.ಆರ್. ದವಾಖಾನೆ ಇವೆ.

ನೀವೇ ಬರೆಯಿರಿ

ನಿಮಗೆ ಥೈರಾಯ್ಡ್ ಇದ್ದರೆ ವಹಿಯಲ್ಲಿ ಕನ್ನಡದಲ್ಲಿ ಬರೆದಿಡಿ:
ನನ್ನ ಥೈರಾಯ್ಡ್ ಹೆಚ್ಚೋ, ಕಡಿಮೆಯೋ?
ನನ್ನ ಗುಳಿಗೆಯ ಹೆಸರು ಏನು?
ಮುಂದಿನ ರಕ್ತ ಪರೀಕ್ಷೆ ಯಾವ ತಾರೀಖು?