ಬಿಚ್ಚುವ ಮೊದಲು

ಇಳಕಲ್ ಅಂದರೆ ಹೊರಗಿನವರಿಗೆ ಸೀರೆ. ಅದು ಬಿಟ್ಟರೆ ಕೆಂಪು ಗ್ರಾನೈಟ್. ಎರಡಕ್ಕೂ ದೂರದ ಊರುಗಳಲ್ಲಿ ಹೆಸರಿದೆ, ಬೆಲೆಯಿದೆ. ನೂಲಿನ ಗಂಟು ಹೊತ್ತು ಮಗ್ಗದ ಮನೆಗೆ ಹೋಗುವ, ನಸುಕಿನಲ್ಲಿ ಕ್ವಾರಿಗೆ ಮೂವರನ್ನು ಹೊತ್ತೊಯ್ಯುವ, ಸಂಜೆ ಎರೆಹೊಲದಿಂದ ಮೇವಿನ ಹೊರೆ ತರುವ ಮೋಟರ್‌ಸೈಕಲ್ ನಿಂತುಬಿಟ್ಟರೆ ಈ ಎರಡೂ ಉದ್ಯೋಗ ಅರ್ಧ ದಿನ ನಿಂತಂತೆಯೇ. ಹಾಗೆ ನಿಂತ ಗಾಡಿಗೆ ಏನಾಗಿದೆ ಎಂದು ಕಂಡುಹಿಡಿಯುವ ವಿದ್ಯೆಯೊಂದು ವಿಜಯಪುರ–ಹೊಸಪೇಟೆ ಹೆದ್ದಾರಿಯ ಬದಿಯ ಗ್ಯಾರೇಜುಗಳಲ್ಲಿ ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ಬಂದಿದೆ. ಹುನಗುಂದ, ಬಾದಾಮಿ, ಬಾಗಲಕೋಟೆಗಳಲ್ಲೂ ಅದೇ ವಿದ್ಯೆ. ರಿಪೇರಿಯ ಬಗ್ಗೆ ಎಲ್ಲರಿಗೂ ಗೊತ್ತು. ಅದಕ್ಕೂ ಮೊದಲು ನಡೆಯುವ ಈ ಹುಡುಕಾಟವನ್ನು ಯಾರೂ ಕಸುಬು ಎಂದು ಲೆಕ್ಕಕ್ಕೇ ಹಿಡಿದಿಲ್ಲ.

ಒಳ್ಳೆಯ ಮಿಸ್ತ್ರಿ ಪಾನಾ ಕೈಗೆತ್ತಿಕೊಳ್ಳುವ ಮೊದಲು ಕೇಳುತ್ತಾನೆ. ಗಿರಾಕಿ ಬಂದು, “ಅಣ್ಣಾರ, ಗಾಡಿ ಪಿಕಪ್ಪ ಇಲ್ರೀ, ಇಂಜಿನ್ ಕೆಲಸ ಬಂದೈತಿ ಅನಸ್ತೈತಿ” ಎಂದರೆ, ಅದರ ಮೊದಲ ಅರ್ಧವನ್ನಷ್ಟೇ ಕಿವಿಗೆ ಹಾಕಿಕೊಳ್ಳುತ್ತಾನೆ. ರೋಗದ ಹೆಸರನ್ನು ಗಿರಾಕಿ ಹೇಳಬಾರದು, ಲಕ್ಷಣವನ್ನಷ್ಟೇ ಹೇಳಬೇಕು. “ಎಷ್ಟ ದಿವಸಾತ್ರಿ ಹಿಂಗಾಗಾಕತ್ತಿ? ತಣ್ಣಗಿದ್ದಾಗ ಸೌಂಡ್ ಬರತೈತೋ, ಕಾದ ಮ್ಯಾಲೋ? ಒಬ್ರ ಹೋದಾಗೋ, ಡಬಲ್ ಹೋದಾಗೋ? ಇದಕ್ಕಿಂತ ಮೊದಲ ಯಾರರ ಬಿಚ್ಯಾರೇನು?” ಈ ಕೊನೆಯ ಪ್ರಶ್ನೆಗೆ ಹೌದು ಎಂಬ ಉತ್ತರ ಬಂದರೆ ಮಿಸ್ತ್ರಿಯ ಮುಖ ಗಂಭೀರವಾಗುತ್ತದೆ. ಕಂಪನಿಯವರು ಜೋಡಿಸಿದ ಇಂಜಿನ್ನಿನಲ್ಲಿ ಯಾವುದು ಎಲ್ಲಿರಬೇಕೋ ಅಲ್ಲಿರುತ್ತದೆ. ಒಮ್ಮೆ ಬಿಚ್ಚಿದ ಇಂಜಿನ್ನಿನಲ್ಲಿ ಆ ಭರವಸೆ ಇಲ್ಲ.

ಗಾಡಿ ಸ್ಟಾರ್ಟೇ ಆಗದಿದ್ದರೆ ಹುಡುಕಾಟ ಪ್ಲಗ್ಗಿನಿಂದ ಶುರು. ಪೆಟ್ರೋಲ್ ಇಂಜಿನ್ ಓಡಲು ಬೇಕಾದವು ಹದವಾಗಿ ಬೆರೆತ ಪೆಟ್ರೋಲು–ಗಾಳಿ, ಅದನ್ನು ಒತ್ತಿ ಹಿಡಿಯುವ ಕಂಪ್ರೆಶನ್, ಸರಿಯಾದ ಹೊತ್ತಿಗೆ ಬೀಳುವ ಕಿಡಿ. ಈ ಮೂರರ ವರದಿಯೂ ಸ್ಪಾರ್ಕ್ ಪ್ಲಗ್ಗಿನ ತುದಿಯಲ್ಲಿರುತ್ತದೆ. ನಾಲ್ಕಾರು ಸಲ ಕಿಕ್ ಹೊಡೆದು ಬಿಚ್ಚಿದ ಪ್ಲಗ್ ಒಣಗಿದ್ದರೆ ಪೆಟ್ರೋಲು ಒಳಗೆ ಬಂದೇ ಇಲ್ಲ. ಆಗ ಕಾಕ್, ಪೈಪ್, ಕಾರ್ಬೊರೇಟರಿನ ಕಚರಾ ನೋಡಬೇಕು. ಒದ್ದೆಯಾಗಿ ಪೆಟ್ರೋಲಿನ ವಾಸನೆ ಬಂದರೆ ಪೆಟ್ರೋಲು ಬಂದಿದೆ, ಉರಿದಿಲ್ಲ. ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಇಂಜಿನ್ನಿಗೆ ತಾಗಿಸಿ ಕಿಕ್ ಹೊಡೆದರೆ ನೀಲಿ ಕಿಡಿ ಚಟ್ಟನೆ ಹಾರಬೇಕು. ಕೆಂಪಗೆ ಮಂಕಾಗಿ ಬಂದರೆ ಅದು ಒತ್ತಡದ ಒಳಗೆ ಉಳಿಯುವ ಕಿಡಿಯಲ್ಲ. “ಕರಂಟ್ ಬರವಲ್ದು” ಎಂಬ ಎರಡು ಪದದ ತೀರ್ಪಿನ ಹಿಂದೆ ಇಷ್ಟು ನಡೆದಿರುತ್ತದೆ.

ಓಡುವ ಗಾಡಿಯ ಪ್ಲಗ್ಗಿಗೆ ಇನ್ನೂ ಹೆಚ್ಚು ಗೊತ್ತು. ತುದಿಯ ಪಿಂಗಾಣಿ ತಿಳಿ ಕಂದು ಬಣ್ಣಕ್ಕಿದ್ದರೆ ಉರಿ ಹದವಾಗಿದೆ. ಒಣ ಮಸಿ ಕೂತಿದ್ದರೆ ಪೆಟ್ರೋಲು ಜಾಸ್ತಿ, ಇಲ್ಲವೇ ಏರ್ ಫಿಲ್ಟರ್ ಕಟ್ಟಿಕೊಂಡು ಗಾಳಿ ಕಡಿಮೆ. ಬೆಳ್ಳಗೆ ಸುಟ್ಟಂತಿದ್ದರೆ ಗಾಳಿ ಜಾಸ್ತಿಯಾಗಿ ಇಂಜಿನ್ ಕಾಯುತ್ತಿದೆ. ಕಪ್ಪಗೆ ಜಿಡ್ಡಾಗಿ ಹೊಳೆಯುತ್ತಿದ್ದರೆ ಆಯಿಲ್ ಮೇಲಕ್ಕೆ ಹತ್ತುತ್ತಿದೆ. ಪ್ಲಗ್ಗನ್ನು ಅಂಗಿಯ ಚುಂಗಿಗೆ ಒರೆಸಿ ಹಾಗೇ ತಿರುಗಿಸಿಡುವ ಹುಡುಗನಿಗೆ ಮಿಸ್ತ್ರಿ ಬಯ್ಯುವುದು ಇದಕ್ಕೇ. ಅವನು ಒರೆಸಿದ್ದು ಸಾಕ್ಷಿಯನ್ನು.

ಆಯಿಲ್ ಹತ್ತುವ ಕಾಯಿಲೆ ಈ ಸೀಮೆಗೆ ಹೊಂದಿಕೊಂಡದ್ದು. ಗ್ರಾನೈಟಿನಲ್ಲಿ ಬೆಣಚುಕಲ್ಲಿನ ಅಂಶ ಧಾರಾಳವಾಗಿದೆ. ಗಡಸುತನದ ಮೋಸ್ ಮಾಪನದಲ್ಲಿ ಅದಕ್ಕೆ 7ನೇ ಸ್ಥಾನ. ಅಂದರೆ ಸಿಲಿಂಡರಿನ ಬೀಡುಕಬ್ಬಿಣಕ್ಕಿಂತ ಗಟ್ಟಿ. ಕಲ್ಲು ಕೊಯ್ಯುವ, ಪಾಲಿಶ್ ಹೊಡೆಯುವ ಕಡೆ ದಿನವಿಡೀ ನಿಲ್ಲುವ ಗಾಡಿಯ ಫಿಲ್ಟರ್ ಹರಿದಿದ್ದರೆ, ಇಲ್ಲವೇ ಪಿಕಪ್ ಬರಲಿ ಎಂದು ಯಾರೋ ಅದನ್ನು ತೆಗೆದೇ ಬಿಟ್ಟಿದ್ದರೆ, ಆ ಧೂಳು ನೇರ ಒಳಗೆ ಹೋಗಿ ಪಿಸ್ಟನ್ನಿನ ರಿಂಗು, ಸಿಲಿಂಡರಿನ ಗೋಡೆ ಎರಡನ್ನೂ ಉಜ್ಜಿ ಸವೆಸುತ್ತದೆ. ಫಿಲ್ಟರ್ ತೆಗೆದು ಗಾಡಿ ಓಡಿಸುವುದಕ್ಕಿಂತ ದೊಡ್ಡ ಅನ್ಯಾಯವನ್ನು ಇಳಕಲ್ಲಿನಲ್ಲಿ ಇಂಜಿನ್ನಿಗೆ ಮಾಡಲಾಗದು.

ಆಗ ಸೈಲೆನ್ಸರ್ ನೀಲಿ ಹೊಗೆ ಉಗುಳುತ್ತದೆ. ಆದರೆ ನೀಲಿ ಹೊಗೆ ಕಂಡ ತಕ್ಷಣ “ಬೋರ್ ಹೋಗೈತಿ” ಎನ್ನುವವನು ಅವಸರದ ಮಿಸ್ತ್ರಿ. ರಾತ್ರಿಯಿಡೀ ನಿಂತ ಗಾಡಿ ಬೆಳಗಿನ ಮೊದಲ ಕಿಕ್ಕಿಗೆ ಮಾತ್ರ ಹೊಗೆ ಬಿಟ್ಟು ಆಮೇಲೆ ಸುಮ್ಮನಾದರೆ, ವಾಲ್ವಿನ ರಬ್ಬರ್ ಸೀಲ್ ಗಟ್ಟಿಯಾಗಿ ಆಯಿಲ್ ಮೇಲಿಂದ ಕೆಳಗೆ ಜಿನುಗಿದೆ. ಆಕ್ಸಿಲರೇಟರ್ ಕೊಟ್ಟಾಗಲೆಲ್ಲ, ಏರು ಹತ್ತುವಾಗಲೆಲ್ಲ ಹೊಗೆ ಬಂದರೆ ರಿಂಗು–ಬೋರಿನ ಮೇಲೆ ಅನುಮಾನ. ಸಂಶಯ ಕಳೆಯಲು ಪುಕ್ಕಟೆ ಪರೀಕ್ಷೆಯೊಂದಿದೆ. ಪ್ಲಗ್ ಬಿಚ್ಚಿ, ತೂತಿನಲ್ಲಿ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು, ಮತ್ತೆ ಪ್ಲಗ್ ಹಾಕಿ ಕಿಕ್ ಒತ್ತಬೇಕು. ಸಡಿಲವಿದ್ದ ಕಿಕ್ ಗಟ್ಟಿಯಾದರೆ ಆಯಿಲು ರಿಂಗಿನ ಸಂದು ತುಂಬಿದೆ, ಹಾಗಾಗಿ ಕಂಪ್ರೆಶನ್ ಸೋರುತ್ತಿದ್ದದ್ದು ರಿಂಗಿನ ಕಡೆಯಿಂದಲೇ. ಏನೂ ವ್ಯತ್ಯಾಸ ಕಾಣದಿದ್ದರೆ ವಾಲ್ವ್ ಕೂರುತ್ತಿಲ್ಲ. ವಾಲ್ವಿನ ದೋಷವಾದರೆ ಹೆಡ್ಡಿನ ಕೆಲಸಕ್ಕೇ ಮುಗಿಯುತ್ತದೆ. ರಿಂಗಿನದಾದರೆ ಸಿಲಿಂಡರ್ ಲೇತಿಗೆ ಹೋಗಬೇಕು, 0.25 ಅಥವಾ 0.50 ಮಿಲಿಮೀಟರ್ ಓವರ್‌ಸೈಜ್ ಪಿಸ್ಟನ್ ತರಬೇಕು. 1994ರಲ್ಲಿ ಮಾರುಕಟ್ಟೆಗೆ ಬಂದ ಸ್ಪ್ಲೆಂಡರ್ ಇಂದಿಗೂ ಈ ಭಾಗದ ಹಳ್ಳಿಗಳ ಆಳು. ಅದರ 97.2 ಸಿಸಿ ಇಂಜಿನ್ನಿನ ಬೋರ್ 50 ಮಿಲಿಮೀಟರ್. ಆ ಐವತ್ತರಲ್ಲಿ ಮಿಲಿಮೀಟರಿನ ಕಾಲುಭಾಗ ಹೆಚ್ಚುಕಡಿಮೆಯಾದರೆ ಒಂದು ಮನೆಯ ವಾರದ ಗಳಿಕೆ ಹೋಯಿತು.

ಇನ್ನು ಸದ್ದು. ಕಸುಬಿನ ನಿಜವಾದ ಪರೀಕ್ಷೆ ಇಲ್ಲಿದೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿನ ಒಂದೊಂದು ಭಾಗಕ್ಕೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿ ಕೂರುವ ಮಿಸ್ತ್ರಿಯನ್ನು ನೀವು ನೋಡಿರುತ್ತೀರಿ. ಅವನು ಸದ್ದಿನ ಜಾಗದ ಜೊತೆಗೆ ಅದರ ಲಯವನ್ನೂ ಹಿಡಿಯುತ್ತಿರುತ್ತಾನೆ. ನಾಲ್ಕು ಸ್ಟ್ರೋಕಿನ ಇಂಜಿನ್ನಿನಲ್ಲಿ ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಒಂದು ವಾಲ್ವ್ ಒಮ್ಮೆ ತೆರೆಯುತ್ತದೆ. ನಿಮಿಷಕ್ಕೆ 1400 ಸುತ್ತಿನ ಐಡಲಿಂಗಿನಲ್ಲಿ ಸಡಿಲವಾದ ಟ್ಯಾಪೆಟ್ ಬಡಿಯುವುದು 700 ಸಲ. ಅದಕ್ಕೇ ಟ್ಯಾಪೆಟ್ಟಿನ ಟಿಕ್‌ಟಿಕ್ ಇಂಜಿನ್ನಿನ ಓಟಕ್ಕಿಂತ ನಿಧಾನವಾಗಿ, ಬಿಡಿಬಿಡಿಯಾಗಿ ಕೇಳುತ್ತದೆ. ಟೈಮಿಂಗ್ ಚೈನ್ ಜೋಲುಬಿದ್ದರೆ ಸ್ಪ್ಲೆಂಡರಿನ ಎಡಮಗ್ಗುಲಲ್ಲಿ ಗರಗರ ಶಬ್ದ. ಪಿಸ್ಟನ್ ಸಡಿಲಾಗಿದ್ದರೆ ತಣ್ಣಗಿರುವಾಗ ಮಂದವಾದ ಬಡಿತವಿದ್ದು, ಕಾದು ಪಿಸ್ಟನ್ ಹಿಗ್ಗಿದ ಮೇಲೆ ತಗ್ಗುತ್ತದೆ. ಕನ್‌ರಾಡಿನ ಬೇರಿಂಗ್ ಹೋಗಿದ್ದರೆ ಲೋಡ್ ಬಿದ್ದಾಗ ಒಳಗಿನ ತಳದಿಂದ ಧಡ್ ಧಡ್ ಎನ್ನುತ್ತದೆ. ಆ ಸದ್ದು ಕೇಳಿದ ಮಿಸ್ತ್ರಿ ಮೊದಲು ಮಾಡುವ ಕೆಲಸ ಚಾವಿ ತಿರುಗಿಸಿ ಗಾಡಿ ಬಂದ್ ಮಾಡುವುದು. ಮುಂದೆ ಓಡಿಸಿದಷ್ಟೂ ಖರ್ಚು ಬೆಳೆಯುತ್ತದೆ.

ಗೇರ್‌ಬಾಕ್ಸಿನ ವಿಷಯದಲ್ಲಿ ಮೋಸ ಹೋಗುವುದು ಸುಲಭ, ಏಕೆಂದರೆ ಅದೂ ಇಂಜಿನ್ನಿನ ಹೊಟ್ಟೆಯಲ್ಲೇ ಇದೆ, ಅದೇ ಆಯಿಲಿನಲ್ಲೇ ಮುಳುಗಿದೆ. ಬೇರ್ಪಡಿಸುವ ಉಪಾಯ ಹಿಡಿಕೆಯಲ್ಲೇ ಸಿಗುತ್ತದೆ. ಗಾಡಿ ನ್ಯೂಟ್ರಲ್‌ನಲ್ಲಿ ಓಡುತ್ತಿರುವಾಗ ಕ್ಲಚ್ ಹಿಡಿದರೆ ಗೇರುಗಳಿಗೆ ಹೋಗುವ ತಿರುಗಾಟ ನಿಲ್ಲುತ್ತದೆ. ಅದರ ಜೊತೆ ಸದ್ದೂ ನಿಂತರೆ ಅನುಮಾನ ಗೇರ್‌ಬಾಕ್ಸಿನ ಬೇರಿಂಗ್ ಮೇಲೆ. ನಿಲ್ಲದಿದ್ದರೆ ಇಂಜಿನ್ನಿನ ಕಡೆ ನೋಡಬೇಕು. ರಸ್ತೆಯ ಮೇಲೆ ಇನ್ನೊಂದು ಪರೀಕ್ಷೆಯುಂಟು. ಓಡುವಾಗ ಬರುವ ಕಟಕಟ, ಗಾಡಿಯನ್ನು ನ್ಯೂಟ್ರಲ್ಲಿಗೆ ತಂದು ಹಾಗೇ ಉರುಳಲು ಬಿಟ್ಟಾಗಲೂ ಗಾಲಿಯ ವೇಗಕ್ಕೆ ತಕ್ಕಂತೆ ಬರುತ್ತಲೇ ಇದ್ದರೆ, ಅದು ಚೈನ್, ಸ್ಪ್ರಾಕೆಟ್ ಅಥವಾ ಹಿಂದಿನ ಗಾಲಿಯ ಬೇರಿಂಗಿನ ಸದ್ದು. ಚೈನಿನ ದೋಷಕ್ಕೆ ಗೇರ್‌ಬಾಕ್ಸ್ ಬಿಚ್ಚಿಸಿಕೊಂಡವರು ಯಾವ ಊರಿನಲ್ಲೂ ಸಿಗುತ್ತಾರೆ. ಐದು ನಿಮಿಷದ ಈ ಸುತ್ತು ಹೊಡೆಯದ ಮಿಸ್ತ್ರಿಗೆ ಗಾಡಿ ಬಿಡಬೇಡಿ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ.

ಎರಡನೇ ಗೇರಿಗೆ ಹಾಕಿ ಆಕ್ಸಿಲರೇಟರ್ ಕೊಟ್ಟ ಕೂಡಲೇ ಗೇರ್ ತಾನಾಗಿ ಜಿಗಿದು ಬಿಡುವುದಿದೆ. ಗೇರಿನ ಮಗ್ಗುಲಲ್ಲಿ ಎದ್ದಿರುವ ಗೂಟಗಳು ಪಕ್ಕದ ಗೇರಿನ ಸಂದಿನಲ್ಲಿ ಕೂತು ಶಕ್ತಿ ಸಾಗಿಸುತ್ತವೆ. ಅವುಗಳ ಅಂಚು ಸವೆದು ಗುಂಡಾದರೆ, ಇಲ್ಲವೇ ಗೇರನ್ನು ದೂಡುವ ಫೋರ್ಕ್ ಬಾಗಿದ್ದರೆ, ಹಿಡಿತ ನಿಲ್ಲುವುದಿಲ್ಲ. ಇದಕ್ಕೆ ಇಂಜಿನ್ ಇಬ್ಭಾಗ ಮಾಡದೆ ದಾರಿಯಿಲ್ಲ. ಆದರೆ ಗೇರ್ ಬೀಳುವುದೇ ಕಷ್ಟ, ನಿಂತಲ್ಲಿ ನ್ಯೂಟ್ರಲ್ ಸಿಗುವುದಿಲ್ಲ, ಕ್ಲಚ್ ಹಿಡಿದರೂ ಗಾಡಿ ಮುಂದಕ್ಕೆ ತೆವಳುತ್ತದೆ ಎಂದರೆ ಬಹಳ ಸಲ ಗೇರ್‌ಬಾಕ್ಸ್ ನಿರಪರಾಧಿ. ಕ್ಲಚ್ ಪೂರ್ತಿ ಬಿಡುತ್ತಿಲ್ಲ, ಕೇಬಲ್ ಎಳೆದುಕೊಟ್ಟರೆ ಮುಗಿಯಬಹುದು. ಇದಕ್ಕೆ ವಿರುದ್ಧವಾದದ್ದು ಕ್ಲಚ್ ಜಾರುವುದು. ಇಂಜಿನ್ ಒದರುತ್ತದೆ, ಗಾಡಿ ಏರು ಹತ್ತುವುದಿಲ್ಲ, ಸುಟ್ಟ ವಾಸನೆ. ಪ್ಲೇಟ್ ಸವೆದಿರಬಹುದು. ಕಾರಿನ ಆಯಿಲ್ ಸುರಿದದ್ದೂ ಕಾರಣವಾಗಬಹುದು. ಬೈಕಿನ ಕ್ಲಚ್ ಇಂಜಿನ್ ಆಯಿಲಿನಲ್ಲೇ ನೆನೆದಿರುತ್ತದೆ. ಕಾರಿನ ಎಷ್ಟೋ ಆಯಿಲುಗಳಲ್ಲಿ ಜಾರಿಕೆ ಹೆಚ್ಚಿಸುವ ಮದ್ದು ಬೆರೆತಿರುತ್ತದೆ. ಡಬ್ಬಿಯ ಮೇಲೆ ಜಾಸೊ ಎಂಎ ಎಂಬ ಗುರುತಿದೆಯೇ ನೋಡಿ ಕೊಳ್ಳುವುದು ಅದಕ್ಕೇ.

ಹಿಂದಿನ ತಲೆಮಾರಿನವರು ಈ ವಿದ್ಯೆ ಕಲಿತದ್ದು ಎರಡು ಸ್ಟ್ರೋಕಿನ ಗಾಡಿಗಳ ಮೇಲೆ. ನಮ್ಮ ಮೈಸೂರಿನಲ್ಲೇ 1960ರಲ್ಲಿ ಹುಟ್ಟಿದ ಐಡಿಯಲ್ ಜಾವಾ ಕಾರ್ಖಾನೆ ಮೊದಲು ಜಾವಾ, ಆಮೇಲೆ ಯೆಜ್ಡಿ ಹೆಸರಿನಲ್ಲಿ ಬೈಕುಗಳನ್ನು ಕೊಟ್ಟು 1996ರಲ್ಲಿ ಬಾಗಿಲು ಹಾಕಿತು. ಸಿಲಿಂಡರ್ ಒಂದು, ಸೈಲೆನ್ಸರ್ ಎರಡು. ಕಿಕ್ ಮತ್ತು ಗೇರು ಎರಡಕ್ಕೂ ಒಂದೇ ಪೆಡಲ್. ವಾಲ್ವೂ ಇಲ್ಲ, ಟ್ಯಾಪೆಟ್ಟೂ ಇಲ್ಲ. ಅದರ ಜೊತೆ ಬೇರೆಯದೇ ರೋಗಗಳು. ಕ್ರ್ಯಾಂಕಿನ ಸೀಲ್ ಹೋಗಿ ಗಾಳಿ ಎಳೆದುಕೊಂಡರೆ ಐಡಲಿಂಗ್ ನಿಲ್ಲುವುದಿಲ್ಲ, ಸೈಲೆನ್ಸರಿನಲ್ಲಿ ಕಾರ್ಬನ್ ಕಟ್ಟಿದರೆ ಉಸಿರೇ ಇಲ್ಲ. ಕೈಪಿಡಿ ಓದುವ ಅವಕಾಶವಿಲ್ಲದ ಎಷ್ಟೋ ಹುಡುಗರು ಪಾರ್ಟ್ ತೊಳೆಯುತ್ತ, ಪಾನಾ ಕೊಡುತ್ತ, ಉಸ್ತಾದನ ಕಿವಿ ಯಾವ ಕಡೆ ವಾಲುತ್ತದೆ ಎಂದು ನೋಡುತ್ತಲೇ ಕಲಿತರು. ಶಾಲೆ ಬಿಡಿಸಿ ಹಾಗೆ ತಂದು ನಿಲ್ಲಿಸುವ ಕಾಲ ಹೋಗಬೇಕಿತ್ತು. 14 ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕಿಡುವುದನ್ನು ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿ ನಿಷೇಧಿಸಿದೆ. ಅದು ಸರಿಯೇ. ಆ ಕಿವಿಯ ಪಾಠ ಐಟಿಐ ಮುಗಿಸಿ ಬರುವ ಹುಡುಗರಿಗೂ ಸಿಗಬೇಕು.

2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೇ ನೀರು ನುಗ್ಗಿತ್ತು. ಬಾದಾಮಿ, ಹುನಗುಂದ ಸೀಮೆಯ ಹೊಳೆದಂಡೆಯ ಊರುಗಳು ಮುಳುಗಿದವು. ಅಂಥ ಪ್ರವಾಹದಲ್ಲಿ ಮುಳುಗಿ ಎದ್ದ ಗಾಡಿಗೆ ಮಾಡುವ ಅತಿ ದೊಡ್ಡ ತಪ್ಪು ಕಿಕ್ ಹೊಡೆಯುವುದು. ಗಾಳಿಯಂತೆ ನೀರು ಕುಗ್ಗುವುದಿಲ್ಲ. ಸಿಲಿಂಡರಿನಲ್ಲಿ ನೀರು ನಿಂತಿರುವಾಗ ಇಂಜಿನ್ ತಿರುಗಿಸಿದರೆ ಕನ್‌ರಾಡ್ ಬಾಗಬಹುದು. ಪ್ಲಗ್ ಬಿಚ್ಚಿ, ನಿಧಾನವಾಗಿ ತಿರುಗಿಸಿ ನೀರನ್ನು ಹೊರಹಾಕಬೇಕು. ಕೆಳಗಿನ ನಟ್ ಬಿಚ್ಚಿ ಆಯಿಲ್ ನೋಡಬೇಕು. ಅದು ಹಾಲು ಹಾಕಿದ ಚಹಾದಂತೆ ಇಳಿದರೆ ನೀರು ಬೆರೆತಿದೆ, ಬಣ್ಣ ತಿಳಿಯಾಗುವ ತನಕ ಆಯಿಲ್ ಬದಲಿಸುತ್ತಲೇ ಇರಬೇಕು. ಬರಗಾಲದ ದಿನಗಳಲ್ಲೂ ಮಿಸ್ತ್ರಿ ಇಳಿಸಿದ ಆಯಿಲನ್ನು ಚೆಲ್ಲುವ ಮೊದಲು ಬೆರಳಲ್ಲಿ ತಿಕ್ಕಿ ನೋಡುತ್ತಾನೆ. ಆಯಸ್ಕಾಂತಕ್ಕೆ ಅಂಟುವ ಪುಡಿ ಗೇರು ಅಥವಾ ಬೇರಿಂಗಿನ ಉಕ್ಕು, ಅಂಟದೆ ಹೊಳೆಯುವುದು ಪಿಸ್ಟನ್ನಿನ ಅಥವಾ ಕೇಸಿನ ಅಲ್ಯುಮಿನಿಯಂ.

ಇಷ್ಟೆಲ್ಲ ಆದ ಮೇಲೆ ಬರೆಯುವ ಬಿಲ್ಲಿನಲ್ಲಿ ಪಿಸ್ಟನ್, ಗ್ಯಾಸ್ಕೆಟ್, ಆಯಿಲ್, ಲೇತ್, ಮಜೂರಿ ಇರುತ್ತವೆ. ದೋಷ ಹುಡುಕಿದ್ದಕ್ಕೆ ಸಾಲೇ ಇಲ್ಲ. ಇದು ನನಗೆ ಬಹಳ ಕಾಡುವ ಸಂಗತಿ. ಕೇಬಲ್ ಎಳೆದು ಗಾಡಿ ಸರಿಮಾಡಿ, ಗೇರ್‌ಬಾಕ್ಸಿನ ಖರ್ಚು ಉಳಿಸಿದವನಿಗೆ ಹತ್ತಿಪ್ಪತ್ತು ರೂಪಾಯಿ ಕೊಟ್ಟು ಹೋಗುತ್ತೇವೆ. ಬಿಚ್ಚಿ ಹರವಿ ಕೂತವನಿಗೆ ಸಾವಿರಗಳನ್ನು ಎಣಿಸುತ್ತೇವೆ. ಹೀಗಿರುವಾಗ ಪ್ರಾಮಾಣಿಕವಾಗಿ ಕಿವಿ ಕೊಡುವ ಮಿಸ್ತ್ರಿ ಹೊಟ್ಟೆ ಹೊರೆಯುವುದು ಹೇಗೆ? “ನೋಡಿದ್ದಕ್ಕ ಎಷ್ಟಾತು?” ಎಂದು ಕೇಳುವ ರೂಢಿ ಗಿರಾಕಿಗಳಿಂದಲೇ ಶುರುವಾಗಬೇಕು.

2020ರ ಏಪ್ರಿಲ್ 1ರಿಂದ ಬಿಎಸ್ 6 ನಿಯಮ ಬಂದ ಮೇಲೆ ಹೆಚ್ಚಿನ ಹೊಸ ಬೈಕುಗಳಲ್ಲಿ ಕಾರ್ಬೊರೇಟರಿನ ಜಾಗಕ್ಕೆ ಇಂಜೆಕ್ಟರ್ ಬಂದಿದೆ. ಮೀಟರಿನಲ್ಲಿ ಇಂಜಿನ್ನಿನ ಚಿತ್ರದ ಹಳದಿ ದೀಪ ಹೊತ್ತಿದರೆ ಸ್ಕ್ಯಾನರ್ ಹಚ್ಚಿ ಕೋಡ್ ಓದಬೇಕು. ಕೆಲವು ಗಾಡಿಗಳಲ್ಲಿ ದೀಪವೇ ಎಷ್ಟು ಸಲ ಮಿಣುಕಿತು ಎಂದು ಎಣಿಸಿದರೂ ಗೊತ್ತಾಗುತ್ತದೆ. ಆದರೆ ಕೋಡ್ ಹೇಳುವುದು ಯಾವ ಸೆನ್ಸರಿನಿಂದ ಬರುವ ಮಾತು ತಪ್ಪಿದೆ ಎಂಬುದನ್ನು ಮಾತ್ರ. ಸೆನ್ಸರೇ ಕೆಟ್ಟಿದೆಯೋ, ಅದರ ವಾಯರನ್ನು ಇಲಿ ಕಡಿದಿದೆಯೋ, ಕಪ್ಲರಿನಲ್ಲಿ ನೀರು ಕೂತು ಕಿಲುಬು ಹಿಡಿದಿದೆಯೋ ಎಂಬುದನ್ನು ಮಲ್ಟಿಮೀಟರ್ ಹಿಡಿದು ಹುಡುಕಬೇಕು. ಅದಕ್ಕೂ ಮೊದಲು ಬ್ಯಾಟರಿ ನೋಡಬೇಕು, ವೋಲ್ಟೇಜ್ ಇಳಿದರೆ ಇಲ್ಲದ ದೋಷದ ಕೋಡುಗಳೂ ಬರುತ್ತವೆ. ಟ್ಯಾಪೆಟ್ಟಿಗೆ, ಕನ್‌ರಾಡಿನ ಬೇರಿಂಗಿಗೆ, ಎರಡನೇ ಗೇರಿನ ಸವೆದ ಗೂಟಕ್ಕೆ ಈ ಬೈಕುಗಳಲ್ಲಿ ಸೆನ್ಸರ್ ಇಲ್ಲ. ಅವನ್ನು ಹುಡುಕಲು ಇಂದಿಗೂ ಸ್ಕ್ರೂಡ್ರೈವರಿನ ಹಿಡಿಯನ್ನೇ ಕಿವಿಗೆ ಹಚ್ಚಬೇಕು.