ಇಂಗ್ಲಿಷ್‌ನ ದಿನಬಳಕೆಯ ಪದಸಂಪತ್ತು

ಇಂಗ್ಲಿಷ್‌ನ ದಿನಬಳಕೆಯ ಪದಸಂಪತ್ತು ಎಂದರೆ ಮನೆ, ಅಂಗಡಿ, ಪ್ರಯಾಣ, ಕಚೇರಿ ಮುಂತಾದ ಸಂದರ್ಭಗಳಲ್ಲಿ ಮತ್ತೆ ಮತ್ತೆ ಬಳಕೆಯಾಗುವ ಇಂಗ್ಲಿಷ್ ಪದಗಳ ಸಮೂಹ. ಓದಿದ್ದನ್ನು ಬಹುಮಟ್ಟಿಗೆ ಗ್ರಹಿಸಬಲ್ಲ, ಆದರೆ ಮಾತನಾಡುವಾಗ ತಡವರಿಸುವ ಮಧ್ಯಮ ಹಂತದ ಕಲಿಕಾರ್ಥಿಗಳ ಬೋಧನೆಯಲ್ಲಿ ಇದಕ್ಕೆ ವಿಶೇಷ ಸ್ಥಾನವಿದೆ. ಈ ಹಂತದಲ್ಲಿ ಹೊಸ ಪದಗಳನ್ನು ಸೇರಿಸಿಕೊಳ್ಳುವಷ್ಟೇ, ಈಗಾಗಲೇ ಪರಿಚಿತವಾಗಿರುವ ಪದಗಳ ನಾನಾ ಬಳಕೆಗಳನ್ನು ಅರಿಯುವುದೂ ಮುಖ್ಯವಾಗುತ್ತದೆ.

ಇತಿಹಾಸ

ಯಾವ ಪದಗಳನ್ನು ಮೊದಲು ಕಲಿಸಬೇಕು ಎಂಬ ಪ್ರಶ್ನೆಗೆ ಪದಗಳ ಬಳಕೆಯ ಪ್ರಮಾಣವನ್ನು ಎಣಿಸಿ ಉತ್ತರ ಹುಡುಕುವ ಪ್ರಯತ್ನ 20ನೆಯ ಶತಮಾನದ ಆರಂಭದಲ್ಲಿ ಬಲಗೊಂಡಿತು. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ 1921ರಲ್ಲಿ 10,000 ಪದಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ಅವಿಭಜಿತ ಬಂಗಾಳದ ಢಾಕಾದಲ್ಲಿ ಶಿಕ್ಷಣ ಕ್ಷೇತ್ರದಲ್ಲಿದ್ದ ಮೈಕೇಲ್ ವೆಸ್ಟ್, ವಿದ್ಯಾರ್ಥಿಗಳ ವಾಚಿಕೆಗಳಲ್ಲಿದ್ದ ಅಪರೂಪದ ಪದಗಳ ಬದಲಿಗೆ ಬಳಕೆಯ ಪದಗಳನ್ನು ಇಟ್ಟು, ಹೊಸ ಪದಗಳು ಅಂತರ ಬಿಟ್ಟು ಬರುವಂತೆ ಪಾಠಗಳನ್ನು ರಚಿಸಿದರು. ಅವರು 1953ರಲ್ಲಿ ಪ್ರಕಟಿಸಿದ ‘ಜನರಲ್ ಸರ್ವಿಸ್ ಲಿಸ್ಟ್’ನಲ್ಲಿ ಸುಮಾರು 2,000 ಮೂಲಪದಗಳಿವೆ. ಒಂದು ಪದದ ಯಾವ ಅರ್ಥ ಎಷ್ಟು ಪ್ರಮಾಣದಲ್ಲಿ ಬಳಕೆಯಲ್ಲಿದೆ ಎಂಬುದನ್ನೂ ಅದರಲ್ಲಿ ಸೂಚಿಸಿರುವುದು ಆ ಪಟ್ಟಿಯ ವೈಶಿಷ್ಟ್ಯ. ಹಳೆಯ ಬರಹಗಳನ್ನು ಆಧರಿಸಿದ್ದ ಆ ಪಟ್ಟಿಯಲ್ಲಿ ‘ಕಂಪ್ಯೂಟರ್’ನಂತಹ ಪದಗಳಿರಲಿಲ್ಲ. 2013ರಲ್ಲಿ ಸುಮಾರು 2,800 ಪದಗಳ ಹೊಸ ಪಟ್ಟಿಯೊಂದು ಪ್ರಕಟವಾಯಿತು.

ಸ್ವರೂಪ

ದಿನಬಳಕೆಯ ಪದಗಳು ಸಾಮಾನ್ಯವಾಗಿ ಚಿಕ್ಕವು. ಆದರೆ ಅವುಗಳ ಅರ್ಥವ್ಯಾಪ್ತಿ ದೊಡ್ಡದು. ‘ರನ್’ ಎಂದರೆ ಓಡು ಎಂದಷ್ಟೇ ಕಲಿತವರಿಗೆ ‘ರನ್ ಎ ಶಾಪ್’ (ಅಂಗಡಿ ನಡೆಸು), ‘ರನ್ ಔಟ್ ಆಫ್ ಮಿಲ್ಕ್’ (ಹಾಲು ಮುಗಿದುಹೋಗು) ಎಂಬ ಪ್ರಯೋಗಗಳು ಅರ್ಥವಾಗುವುದಿಲ್ಲ. ‘ಲುಕ್’ ಎಂಬ ಕ್ರಿಯಾಪದವು ‘ಆಫ್ಟರ್’ ಸೇರಿದಾಗ ಆರೈಕೆಯನ್ನೂ, ‘ಫಾರ್’ ಸೇರಿದಾಗ ಹುಡುಕಾಟವನ್ನೂ ಸೂಚಿಸುತ್ತದೆ. ಆದ್ದರಿಂದ ಇಂತಹವುಗಳನ್ನು ಬಿಡಿಪದಗಳಾಗಿ ಅಲ್ಲದೆ ಪದಗುಚ್ಛಗಳಾಗಿ ಕಲಿಯುವುದು ಸೂಕ್ತ.

ಕನ್ನಡ ಭಾಷಿಕರ ಕಲಿಕೆ

ಕನ್ನಡದ ‘ಮಾಡು’ ಎಂಬ ಒಂದೇ ಕ್ರಿಯಾಪದಕ್ಕೆ ಇಂಗ್ಲಿಷ್‌ನಲ್ಲಿ ಸಂದರ್ಭಾನುಸಾರ ಬೇರೆ ಬೇರೆ ಕ್ರಿಯಾಪದಗಳು ಬರುತ್ತವೆ:

* ಊಟ ಮಾಡು – ‘ಹ್ಯಾವ್ ಲಂಚ್’
* ಸ್ನಾನ ಮಾಡು – ‘ಟೇಕ್ ಎ ಬಾತ್’
* ತಪ್ಪು ಮಾಡು – ‘ಮೇಕ್ ಎ ಮಿಸ್ಟೇಕ್’
* ಹೋಂವರ್ಕ್ ಮಾಡು – ‘ಡೂ ಹೋಂವರ್ಕ್’

ಕನ್ನಡದಲ್ಲಿ ಬೆರೆತಿರುವ ಇಂಗ್ಲಿಷ್ ಪದಗಳು ಕಲಿಕೆಗೆ ನೆರವಾಗುತ್ತವೆಯಾದರೂ ಕೆಲವು ಅರ್ಥವ್ಯತ್ಯಾಸ ಹೊಂದಿವೆ. ಕನ್ನಡದ ಆಡುಮಾತಿನಲ್ಲಿ ‘ಹೋಟೆಲ್’ ಎಂದರೆ ತಿಂಡಿ-ಊಟ ದೊರೆಯುವ ಸ್ಥಳ. ಇಂಗ್ಲಿಷ್‌ನಲ್ಲಿ ಅದು ಮುಖ್ಯವಾಗಿ ತಂಗುವ ಸ್ಥಳ. ಅಂಗಡಿಯಲ್ಲಿ ಕೇಳುವ ಪ್ಲಾಸ್ಟಿಕ್ ‘ಕವರ್’ ಇಂಗ್ಲಿಷ್‌ನಲ್ಲಿ ‘ಬ್ಯಾಗ್’ ಆಗುತ್ತದೆ. ಇಂತಹ ಕೆಲವು ಬಳಕೆಗಳು ಭಾರತೀಯ ಇಂಗ್ಲಿಷ್‌ನಲ್ಲಿ ರೂಢಿಯಲ್ಲಿದ್ದರೂ ಹೊರದೇಶದವರೊಡನೆ ಮಾತನಾಡುವಾಗ ಗೊಂದಲ ಉಂಟುಮಾಡಬಹುದು.

ಕಲಿಕೆಯ ವಿಧಾನಗಳು

ಓದಿದಾಗ ಅರ್ಥವಾಗುವ ಪದಗಳಿಗಿಂತ ಮಾತಿನಲ್ಲಿ ತಾನಾಗಿ ಬಳಸಬಲ್ಲ ಪದಗಳು ಯಾವಾಗಲೂ ಕಡಿಮೆ. ಈ ಅಂತರವನ್ನು ತಗ್ಗಿಸಲು ಪುನರಾವರ್ತನೆ ಅಗತ್ಯ. ಕಲಿತದ್ದು ಆರಂಭದಲ್ಲಿಯೇ ವೇಗವಾಗಿ ಮರೆತುಹೋಗುತ್ತದೆ ಎಂಬುದನ್ನು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲಿ ತೋರಿಸಿದರು. 1972ರಲ್ಲಿ ಸೆಬಾಸ್ಟಿಯನ್ ಲೈಟ್ನರ್ ಪ್ರಚುರಪಡಿಸಿದ ವಿಧಾನದಲ್ಲಿ, ಪದ ಬರೆದ ಚೀಟಿಗಳನ್ನು ಪೆಟ್ಟಿಗೆಯ ವಿವಿಧ ಖಾನೆಗಳಲ್ಲಿ ಇರಿಸಲಾಗುತ್ತದೆ. ನೆನಪಾದ ಪದದ ಚೀಟಿ ಮುಂದಿನ ಖಾನೆಗೆ ಹೋಗಿ ತಡವಾಗಿ ಪರಿಶೀಲನೆಗೆ ಬರುತ್ತದೆ; ಮರೆತ ಪದದ ಚೀಟಿ ಮೊದಲ ಖಾನೆಗೆ ಮರಳುತ್ತದೆ. ಚೀಟಿಯಲ್ಲಿ ಕನ್ನಡ ಅರ್ಥದ ಜೊತೆಗೆ ಪೂರ್ಣ ವಾಕ್ಯವೊಂದನ್ನು ಬರೆದುಕೊಂಡರೆ ಪದವು ತನ್ನ ಸಂದರ್ಭದೊಂದಿಗೆ ನೆನಪಿನಲ್ಲಿ ಉಳಿಯುತ್ತದೆ.