ನಿರ್ವಾತಕ್ಕೆ ಅಯಸ್ಕಾಂತ ಹಿಡಿದವರು

‘ಗಾಳಿ ಪೂರ್ತಿ ತಗದ ಕೊಳವಿಗೆ ಅಯಸ್ಕಾಂತ ಹಿಡದರ ಒಳಗ ಏನರ ಆಗ್ತದೇನ್ರಿ ಸರ?’ ರಾಯಬಾಗ ತಾಲ್ಲೂಕಿನ ಪಾಲಬಾವಿಯ ಪಿಯುಸಿ ಹುಡುಗನೊಬ್ಬನ ಪ್ರಶ್ನೆ. ಆಗ್ತದಪ್ಪಾ! ನಿರ್ವಾತವೂ ಪೂರ್ತಿ ಖಾಲಿಯಲ್ಲ ಎನ್ನುತ್ತದೆ ಕ್ವಾಂಟಮ್ ಸಿದ್ಧಾಂತ. 1936ರ ಹೈಸನ್‌ಬರ್ಗ್–ಆಯ್ಲರ್ ಸಮೀಕರಣದ ಪ್ರಕಾರ, ಕಾಂತಕ್ಷೇತ್ರದ ನೇರಕ್ಕೆ ಕಂಪಿಸುವ ಬೆಳಕು ಅಡ್ಡ ಕಂಪಿಸುವ ಬೆಳಕಿಗಿಂತ ಚೂರು ಹಿಂದೆ ಬೀಳಬೇಕು.

ಎಷ್ಟು ಚೂರು? ಅದನ್ನು ಅಳೆಯಲು ಹೊರಟ ಇಟಲಿಯ ಫೆರಾರಾದ ‘ಪಿವಿಲಾಸ್’ ಪ್ರಯೋಗದ ಹಟ ನೋಡಿ. 3.3 ಮೀಟರ್ ಅಂತರದ ಎರಡು ಕನ್ನಡಿಗಳ ನಡುವೆ ಲೇಸರ್ ಬೆಳಕು ಸುಮಾರು ನಾಲ್ಕೂವರೆ ಲಕ್ಷ ಸಲ ಓಡಾಡುತ್ತಿತ್ತು. ನಡುವೆ 2.5 ಟೆಸ್ಲಾ ಕಾಂತಕ್ಷೇತ್ರದ ಎರಡು ಅಯಸ್ಕಾಂತ. ಕ್ಷೇತ್ರದೊಳಗಿನ ದಾರಿಯನ್ನೆಲ್ಲ ಕೂಡಿಸಿದರೆ 700 ಕಿಲೋಮೀಟರ್ ದಾಟುತ್ತದೆ, ಪಾಲಬಾವಿಯಿಂದ ಬೆಂಗಳೂರಿಗೆ ಇರುವುದಕ್ಕಿಂತ ದೂರ! ಇಷ್ಟಾದರೂ ಲೆಕ್ಕದ ಪ್ರಕಾರ ಬೆಳಕು ಹಿಂದೆ ಬೀಳಬೇಕಾದದ್ದು ಪ್ರೋಟಾನಿನ ಅಗಲದ ಸುಮಾರು ನೂರರಲ್ಲೊಂದು ಪಾಲು.

ಅಯಸ್ಕಾಂತಗಳನ್ನು ಗರಗರ ತಿರುಗಿಸುತ್ತಲೇ ಇದ್ದರು. ಉತ್ತರ–ದಕ್ಷಿಣ ಅದಲುಬದಲಾದರೂ ಪರಿಣಾಮ ಒಂದೇ. ಹಾಗಾಗಿ ನಿಜವಾದ ಸಂಕೇತ ಪ್ರತಿ ಸುತ್ತಿಗೆ ಎರಡು ಸಲ ಮಿಡಿಯಬೇಕು. ಬೇರೆ ತಾಳದಲ್ಲಿ ಬಂದದ್ದು ಕಸ.

2006ರಲ್ಲಿ ಇದೇ ತಂಡ ಬೆಳಕಿನ ಕಂಪನದ ದಿಕ್ಕು ತಿರುಗಿದ್ದನ್ನು ಕಂಡೆವೆಂದಾಗ ಹೊಸ ಕಣವೇ ಸಿಕ್ಕಿತೇನೋ ಎಂದು ಜಗತ್ತು ಹಿಗ್ಗಿತ್ತು. ಉಪಕರಣ ಸುಧಾರಿಸಿ ಮರಳಿ ಅಳೆದಾಗ ಸಂಕೇತ ಮಾಯ. ಅದನ್ನೂ ಅವರೇ ಪ್ರಕಟಿಸಿದರು. 25 ವರ್ಷದ ಕೆಲಸದ ಕೊನೆಗೆ, 2020ರಲ್ಲಿ, ಗುರಿಯಿಂದ ಇನ್ನೂ ಸುಮಾರು ಏಳು ಪಟ್ಟು ದೂರವಿದ್ದೇವೆ ಎಂದು ಬರೆದರು. ಅಡ್ಡ ಬಂದದ್ದು ಆ ನುಣುಪು ಕನ್ನಡಿಗಳದೇ ಗದ್ದಲ.

ಇತ್ತ ‘ಕ್ವಾಂಟಮ್ ಶಕ್ತಿ’ಯ ಪದಕ, ಅಯಸ್ಕಾಂತದ ಕಡಗ ಮಾರುವವರಿಗೆ ಅನುಮಾನವೆಂಬುದೇ ಇಲ್ಲ. ಇಂಥ ಕೆಲವು ಪದಕಗಳು ವಿಕಿರಣ ಸೂಸುತ್ತವೆಂದು 2021ರಲ್ಲಿ ನೆದರ್‌ಲ್ಯಾಂಡ್ಸ್ ಸರ್ಕಾರವೇ ಎಚ್ಚರಿಸಿತ್ತು. ರೊಕ್ಕ ಕೊಟ್ಟು ಕೊರಳಿಗೆ ಕಟ್ಟಿಕೊಳ್ಳುವ ವಸ್ತುವೇ ಅದು?

ನಿರ್ವಾತದ ಪರೀಕ್ಷೆಗೆ ನೆಲದ ಅಯಸ್ಕಾಂತ ಸಾಲದೆಂದರೆ ಆಕಾಶದಲ್ಲಿ ನ್ಯೂಟ್ರಾನ್ ನಕ್ಷತ್ರಗಳಿವೆ, ಅವುಗಳ ಕ್ಷೇತ್ರ ಕೋಟಿಗಟ್ಟಲೆ ಟೆಸ್ಲಾ. ಅಂಥದೊಂದರ ಬೆಳಕು ಶೇ 16ರಷ್ಟು ಧ್ರುವೀಕರಣಗೊಂಡದ್ದನ್ನು, ಅಂದರೆ ಒಂದೇ ದಿಕ್ಕಿಗೆ ಕಂಪಿಸುವುದನ್ನು, ಚಿಲಿಯ ದೂರದರ್ಶಕ 2016ರಲ್ಲಿ ಕಂಡಿತು. ನಿರ್ವಾತದ ಈ ಗುಣಕ್ಕೆ ಅದು ಬಲವಾದ ಸುಳಿವು, ಕೊನೆಯ ಮಾತಲ್ಲ. 2024ರ ಜನವರಿ 1ರಂದು ಹಾರಿದ ಇಸ್ರೋದ ಎಕ್ಸ್‌ಪೋಸ್ಯಾಟ್‌ನಲ್ಲಿ ಎಕ್ಸ್-ಕಿರಣಗಳ ಧ್ರುವೀಕರಣ ಅಳೆಯುವ ‘ಪೋಲಿಕ್ಸ್’ ಉಪಕರಣವಿದೆ. ಕಟ್ಟಿದ್ದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ. ಅಲ್ಲಿ ವಿದ್ಯಾರ್ಥಿಗಳಿಗೂ ಅವಕಾಶವಿದೆ. ತಮ್ಮಾ, ಬಿಎಸ್‌ಸಿ ಸೇರಿದ ಮೇಲೆ ಒಂದು ಅರ್ಜಿ ಹಾಕು.